ಕುಂಭಕರ್ಣನ ಕಿರೀಟ

(ಬೆಂಗಳೂರಿನ ಕನ್ನಡ ಮಾಧ್ಯಮ ಪ್ರೌಢಶಾಲೆಯೊಂದರ ಹತ್ತನೇ ತರಗತಿಯ ಬೀಳ್ಕೊಡುಗೆ ಸಮಾರಂಭದಲ್ಲಿ, ಅದೇ ಶಾಲೆಯ ಹಳೆಯ ವಿದ್ಯಾರ್ಥಿಯೂ ಮುದ್ರಣಾಲಯದ ಮಾಲೀಕರೂ ಆದ ಮುಖ್ಯ ಅತಿಥಿಗಳು ಆಡಿದ ಮಾತುಗಳ ಬರಹರೂಪ)



ಆಡಿದ ಮಾತನ್ನು ಬರೆದುಕೊಡಿ ಎಂದು ಪತ್ರಿಕೆಯ ಮಿತ್ರರು ಕೇಳಿದಾಗ ನನಗೆ ನಗು ಬಂತು. ಊರವರ ಭಾಷಣವನ್ನೆಲ್ಲ ಅಚ್ಚು ಹಾಕಿ ಕೈ ಮಸಿ ಮಾಡಿಕೊಂಡವನಿಗೆ ತನ್ನದೇ ಭಾಷಣದ ಪ್ರೂಫು ನೋಡುವ ಯೋಗ! ಅಂದು ವೇದಿಕೆಯ ಮೇಲೆ ನನಗೆ ಪಾಠ ಹೇಳಿದ ಮೇಷ್ಟ್ರೊಬ್ಬರೂ ಕುಳಿತಿದ್ದರು, ಹಾಗಾಗಿ ಒಂದೆರಡು ಮಾತು ಗಂಟಲಲ್ಲೇ ನಿಂತುಬಿಟ್ಟವು. ಅವನ್ನೂ ಇಲ್ಲಿ ಸೇರಿಸಿದ್ದೇನೆ. ಓದುವ ನೀವು ಯಾವ ಶಾಲೆಯವರಾದರೂ ಸರಿ, ಎಸ್ಸೆಸ್ಸೆಲ್ಸಿ ಯಾವ ವರ್ಷ ಮುಗಿಸಿದವರಾದರೂ ಸರಿ, ಆ ಸಭಾಂಗಣದ ಕೊನೆಯ ಬೆಂಚಿನಲ್ಲಿ ನಿಮ್ಮನ್ನು ಕೂರಿಸಿಕೊಂಡೇ ಮಾತಾಡುತ್ತೇನೆ.

ಮೊದಲು, ನನ್ನನ್ನು ಯಾಕೆ ಕರೆದರು ಎಂಬ ಗುಟ್ಟು. ನಾನೇನೂ ಸಾಹಿತಿಯಲ್ಲ, ಓದಿದ್ದು ಪಿಯುಸಿ. ಈ ಮಕ್ಕಳ ವಿದಾಯದ ಪುಸ್ತಿಕೆಯನ್ನು ಅಚ್ಚು ಹಾಕಿದವನು ನಾನು. ಮುಖ್ಯ ಅತಿಥಿ ಎಂದು ಶಾಲು ಹೊದಿಸಿದರೆ ಬಿಲ್ಲು ಕೇಳುವುದಕ್ಕೆ ಅವನಿಗೆ ಮುಖ ಬರುವುದಿಲ್ಲ ಎಂಬ ಲೆಕ್ಕಾಚಾರ ಯಾರದೋ ಗೊತ್ತಿಲ್ಲ, ಆದರೆ ಬಲು ಚೆನ್ನಾಗಿ ಫಲಿಸಿದೆ.

ಬೀಳ್ಕೊಡುಗೆ ಎಂಬ ಪದಕ್ಕೂ ನನಗೂ ಹಳೆಯ ಜಗಳವಿದೆ. ಪಿಯುಸಿ ಮುಗಿಸಿ 1998ರಲ್ಲಿ ಸುಲ್ತಾನ್‌ಪೇಟೆಯ ಒಂದು ಪ್ರೆಸ್ಸಿಗೆ ಸೇರಿದೆ. ಡಿಟಿಪಿ, ಆಫ್‌ಸೆಟ್ ಆಗಲೇ ಬಂದಿದ್ದವು. ನಮ್ಮ ಯಜಮಾನರ ಹತ್ತಿರ ಮಾತ್ರ ಕಾಲಲ್ಲಿ ತುಳಿಯುವ ಟ್ರೆಡಲ್ ಮೆಷಿನ್ನು, ಗೋಡೆಯುದ್ದಕ್ಕೂ ಮೊಳೆ ತುಂಬಿದ ಕೇಸುಗಳು. ಇಂಗ್ಲಿಷಿಗೆ ಎರಡು ಕೇಸು ಸಾಕು. ಕನ್ನಡಕ್ಕೆ ಹಾಗಲ್ಲ, ಕಾಗುಣಿತಕ್ಕೆ ಬೇರೆ ಮೊಳೆ, ಒತ್ತಿಗೆ ಬೇರೆ ಮೊಳೆ, ನೂರಾರು ಖಾನೆ. ನಾನು ಜೋಡಿಸಿದ ಮೊಟ್ಟಮೊದಲ ಆಹ್ವಾನಪತ್ರಿಕೆ ಒಂದು ಪ್ರೌಢಶಾಲೆಯ ಬೀಳ್ಕೊಡುಗೆಯದು. 'ಳೊ' ಇಟ್ಟೆ, ಕೆಳಗೆ ಕಕಾರದ ಒತ್ತು ಇಡುವುದನ್ನು ಮರೆತೆ. ಇನ್ನೂರು ಪ್ರತಿ ಅಚ್ಚಾದ ಮೇಲೆ ಯಜಮಾನರು ಒಂದನ್ನು ಎತ್ತಿ ಓದಿದರು: ಬೀಳೊಡುಗೆ. "ಪರೀಕ್ಷೆಗೆ ಹೋಗೋ ಹುಡುಗ್ರಿಗೆ 'ಬೀಳೊ' ಅಂತ ಹರಸಿದೀಯಲ್ಲೋ" ಎಂದರು. ಇನ್ನೂರು ಕಾರ್ಡಿನ ದುಡ್ಡು ನನ್ನ ಸಂಬಳದಲ್ಲಿ ಹಿಡಿದರು. ಇವತ್ತಿಗೂ ಆ ಪದ ಕಂಪ್ಯೂಟರಿನ ಪರದೆಯ ಮೇಲೆ ಬಂದರೆ ಒತ್ತು ಇದೆಯೋ ಇಲ್ಲವೋ ಎಂದು ಬೆರಳಿಟ್ಟು ನೋಡುತ್ತೇನೆ.

ಈಗ ನಮ್ಮ ಕಾಲಕ್ಕೆ ಬನ್ನಿ.

ನಮ್ಮ ತರಗತಿಯ ಬೀಳ್ಕೊಡುಗೆ ನಡೆದದ್ದು 1996ರ ಮಾರ್ಚ್ 9, ಶನಿವಾರ. ಕ್ರಿಕೆಟ್ ಬಲ್ಲವರು ಆ ದಿನಾಂಕ ಕೇಳಿದೊಡನೆ ನೆಟ್ಟಗೆ ಕೂರಬೇಕು. ನಮ್ಮ ಚಿನ್ನಸ್ವಾಮಿ ಕ್ರೀಡಾಂಗಣದಲ್ಲೇ ವಿಶ್ವಕಪ್ಪಿನ ಕ್ವಾರ್ಟರ್ ಫೈನಲ್, ಭಾರತ–ಪಾಕಿಸ್ತಾನ! ಮಧ್ಯಾಹ್ನ ಶುರುವಾಗಿ ರಾತ್ರಿ ಮುಗಿಯುವ ಪಂದ್ಯ. ತಂಡದಲ್ಲಿ ನಮ್ಮ ಶ್ರೀನಾಥ್, ನಮ್ಮ ಕುಂಬ್ಳೆ, ನಮ್ಮ ವೆಂಕಟೇಶ್ ಪ್ರಸಾದ್. ಅಂಥ ದಿನ ಬೆಳಿಗ್ಗೆ ಸಮಾರಂಭ ಇಟ್ಟುಕೊಂಡ ನಮ್ಮ ಹೆಡ್‌ಮಾಸ್ಟರು, "ಇದು ನಿಮ್ಮ ಜೀವನದ ಮಹತ್ವದ ಘಟ್ಟ" ಎಂದು ಮಾತು ಶುರು ಮಾಡಿದವರು ಗಡಿಯಾರ ಒಂದು ಹೊಡೆದರೂ ಆ ಘಟ್ಟದಿಂದ ಕೆಳಗಿಳಿಯಲಿಲ್ಲ. ಅದಕ್ಕೂ ಮುಂಚೆ ಸ್ವಾಗತ ಕೋರಿದ ಒಂಬತ್ತನೇ ತರಗತಿಯ ಹುಡುಗ "ಆದರದ ಸ್ವಾಗತ" ಎನ್ನಬೇಕಾದ ಕಡೆ ಅಕಾರಕ್ಕೆ ಹಕಾರ ಸೇರಿಸಿಬಿಟ್ಟಿದ್ದ. ಬೆಂಗಳೂರಿನ ನಾಲಗೆ! ಅದರ ಅರ್ಥ ಗೊತ್ತಿದ್ದವರು ನಕ್ಕರು, ಗೊತ್ತಿಲ್ಲದವರು ಚಪ್ಪಾಳೆ ತಟ್ಟಿದರು. ನಿಮಗೆ ಗೊತ್ತಿಲ್ಲದಿದ್ದರೆ ಮನೆಯಲ್ಲಿ ಮಾತ್ರ ಕೇಳಬೇಡಿ.

ನಮ್ಮ ಕೈಯಲ್ಲಿ ಆಗ ಫೋನಿರಲಿಲ್ಲ, ಆಟೋಗ್ರಾಫ್ ಪುಸ್ತಕ ಇತ್ತು. ನಾಲ್ಕು ಬಣ್ಣದ ಹಾಳೆ, ಮೇಲೊಂದು ಗುಲಾಬಿ ಹೂವಿನ ಚಿತ್ರ. ಹೆಸರು, ವಿಳಾಸ, ಮೆಚ್ಚಿನ ನಟ, ಮುಂದೇನಾಗುವ ಆಸೆ. ಆಸೆಯ ಜಾಗದಲ್ಲಿ ನಲವತ್ತೆರಡು ಜನರ ಪೈಕಿ ಹದಿನೇಳು ಮಂದಿ ಐಎಎಸ್ ಎಂದು ಬರೆದಿದ್ದರು. ಒಬ್ಬರೂ ಆಗಲಿಲ್ಲ. ಅವರಲ್ಲಿ ಇಬ್ಬರು ಬಿಎಂಟಿಸಿಯಲ್ಲಿ ಕಂಡಕ್ಟರಾದರು. ಜನರನ್ನು ಹದ್ದುಬಸ್ತಿನಲ್ಲಿಡುವುದು ಐಎಎಸ್ಸಿಗಿಂತ ಕಷ್ಟ ಎಂದು ಈಗ ಅವರೇ ಹೇಳುತ್ತಾರೆ. ಮೆಚ್ಚಿನ ನಟನ ಜಾಗದಲ್ಲಿ ಜಗಳ. ಹಿಂದಿನ ವರ್ಷ 1995ರಲ್ಲಿ 'ಓಂ' ಬಂದಿತ್ತು. ಮುಂದಿನ ಬೆಂಚಿನ ಸಾಧುಗಳೂ ಶಿವಣ್ಣನ ಹಾಗೆ ಕೂದಲು ಬಿಟ್ಟು, ಪಿ.ಟಿ. ಮೇಷ್ಟ್ರ ಕೈಯಲ್ಲಿ ಅದೇ ಕೂದಲು ಹಿಡಿಸಿಕೊಂಡಿದ್ದರು.

ಒಂದು ಮಾತು ಹೇಳಲೇಬೇಕು. ನಾವೆಲ್ಲ ಕನ್ನಡ ಮಾಧ್ಯಮದವರು. ಜಗಳ ಕನ್ನಡ, ಕಣ್ಣೀರು ಕನ್ನಡ, ಚೀಟಿ ಕಳಿಸಿ ಕೆನ್ನೆಗೆ ತಿಂದದ್ದೂ ಕನ್ನಡದಲ್ಲೇ. ಆಟೋಗ್ರಾಫ್ ತೆರೆದೊಡನೆ ಮಾತ್ರ ಎಲ್ಲರಿಗೂ ಇಂಗ್ಲಿಷಿನ ದೆವ್ವ ಹಿಡಿಯಿತು. "ಡೋಂಟ್ ಫರ್ಗೆಟ್ ಮಿ" ಎಂದು ಬರೆಯಲು ಹೋಗಿ 'ಡೋಂಟ್' ಬಿಟ್ಟವರು ಮೂವರು. ನನ್ನನ್ನು ಮರೆತುಬಿಡು ಎಂದು ಕೈಬರಹದಲ್ಲಿ ಅಪ್ಪಣೆ ಕೊಟ್ಟು ರುಜು ಹಾಕಿದ್ದಾರೆ. ಆ ಪುಸ್ತಕ ನನ್ನ ಹತ್ತಿರ ಇನ್ನೂ ಇದೆ. ನಲವತ್ತೆರಡು ಪುಟದಲ್ಲಿ ಬರೆದವನ ದನಿ ನನಗೆ ಕೇಳಿಸುವುದು ಐದಾರು ಪುಟದಲ್ಲಿ ಮಾತ್ರ, ಕನ್ನಡದಲ್ಲಿ ಬರೆದವರದು. "ನನ್ನ ಜಾಮಿಟ್ರಿ ಬಾಕ್ಸು ವಾಪಸ್ ಕೊಡು" ಎಂದು ಬರೆದವನ ಮುಖ ಈಗಲೂ ಕಣ್ಣಿಗೆ ಕಟ್ಟುತ್ತದೆ. ಕೊಟ್ಟಿಲ್ಲ, ಆ ಮಾತು ಬೇರೆ.

ಇನ್ನು ಬಿರುದುಗಳು. ನಮ್ಮ ಶಾಲೆಯಲ್ಲಿ ಅದೊಂದು ಸಂಪ್ರದಾಯ. ಹೊರಡುವ ಪ್ರತಿಯೊಬ್ಬರಿಗೂ ಒಂದು ಬಿರುದು, ವೇದಿಕೆಗೆ ಕರೆದು ಪ್ರದಾನ. ಆ ವರ್ಷ ಬರೆಯುವ ಕೆಲಸ ನನ್ನದು, ಏಕೆಂದರೆ ತರಗತಿಯಲ್ಲಿ ನಗಿಸುವವನು ನಾನು. ಸದಾ ಪೆನ್ನು ಕೇಳುತ್ತಿದ್ದವಳಿಗೆ 'ಲೇಖನಿ ಸಾಲಗಾರ್ತಿ'. ಹಾಜರಿಗೆ "ಎಸ್ ಸಾರ್" ಎಂದು ಮೂವರ ಪರವಾಗಿ ಮೂರು ದನಿಯಲ್ಲಿ ಕೂಗುತ್ತಿದ್ದವನಿಗೆ 'ತ್ರಿಮೂರ್ತಿ'. ಗಣಿತಕ್ಕೆ 100ಕ್ಕೆ 36 ತೆಗೆಯುತ್ತಿದ್ದ ನನಗೆ ನಾನೇ ಒಂದು ಗೌರವದ ಬಿರುದು ಕೊಟ್ಟುಕೊಂಡಿದ್ದೆ. ಅದನ್ನು ಹೇಳುವುದಿಲ್ಲ.

ಎಲ್ಲಕ್ಕಿಂತ ದೊಡ್ಡ ಬಿರುದಿಗೆ ಡ್ರಾಯಿಂಗ್ ಹಾಳೆಯಲ್ಲಿ ಕಿರೀಟ ಕತ್ತರಿಸಿ, ಬೇಗಡೆ ಕಾಗದ ಅಂಟಿಸಿ, ಹಣೆಯ ಮೇಲೆ ನನ್ನ ಕೈಯಾರೆ ಸ್ಕೆಚ್ ಪೆನ್ನಿನಲ್ಲಿ ಬರೆದೆ: 'ಕುಂಭಕರ್ಣ ಪ್ರಶಸ್ತಿ 1996'. ಅದು ಕೊನೆಯ ಬೆಂಚಿನ ಒಬ್ಬನಿಗೆ. ಹೆಸರು ಬೇಡ. ಮೊದಲನೇ ಪಿರಿಯಡ್ಡಿಗೆ ಅರ್ಧ ಮುಗಿದ ಮೇಲೆ ಬರುತ್ತಿದ್ದ, ಎರಡನೆಯದಕ್ಕೆ ತಲೆ ಬೆಂಚಿಗಿಡುತ್ತಿದ್ದ. ಗಣಿತದ ಮೇಷ್ಟ್ರು ಎಸೆದ ಸೀಮೆಸುಣ್ಣ ಅವನ ಕೂದಲಲ್ಲೇ ಮನೆಗೆ ಹೋಗುತ್ತಿತ್ತು. ಕನ್ನಡ ಪಂಡಿತರು ಮಾತ್ರ ಎಬ್ಬಿಸುತ್ತಿರಲಿಲ್ಲ. "ಮಲಗಲಿ ಬಿಡ್ರೋ, ನೀವು ಎದ್ದಿದ್ದು ಏನು ಕಡಿದು ಹಾಕಿದೀರಿ" ಎನ್ನುತ್ತಿದ್ದರು. ಅದನ್ನೂ ನಾವು ತಮಾಷೆ ಎಂದೇ ತಿಳಿದಿದ್ದೆವು.

ಅವನು ವೇದಿಕೆಗೆ ಬಂದ. ಕಿರೀಟ ಇಟ್ಟೆ. ಸಭೆಗೆ ಸಭೆಯೇ ಬಿದ್ದು ಬಿದ್ದು ನಕ್ಕಿತು. ಅವನೂ ನಕ್ಕ, ಬಗ್ಗಿ ನಮಸ್ಕಾರ ಮಾಡಿದ. ಖಾರಾಬೂಂದಿ, ಬಾಳೆಹಣ್ಣು, ಗ್ರೂಪ್ ಫೋಟೋ, ಮುಗಿಯಿತು. ಆಮೇಲೆ ಟಿ.ವಿ. ಇದ್ದವರ ಮನೆಗೆ ಓಟ. ಅಮೀರ್ ಸೊಹೇಲ್ ಫೋರ್ ಹೊಡೆದು, ಬ್ಯಾಟಿನಲ್ಲಿ ಬೌಂಡರಿಯ ಕಡೆ ತೋರಿಸಿ, ಮುಂದಿನ ಎಸೆತದಲ್ಲೇ ನಮ್ಮ ಪ್ರಸಾದ್ ಕೈಯಲ್ಲಿ ಸ್ಟಂಪು ಹಾರಿಸಿಕೊಂಡದ್ದನ್ನು ನೀವೂ ಫೋನಿನಲ್ಲಿ ನೋಡಿರುತ್ತೀರಿ. ಅಷ್ಟು ಚೊಕ್ಕವಾದ ಬೀಳ್ಕೊಡುಗೆ ನಾನು ಇನ್ನೊಂದು ನೋಡಿಲ್ಲ. ಮಿಯಾಂದಾದನಿಗೂ ಅದೇ ಕೊನೆಯ ಅಂತರರಾಷ್ಟ್ರೀಯ ಪಂದ್ಯ. ಭಾರತ 39 ರನ್ನಿನಿಂದ ಗೆದ್ದಿತು. ಆ ರಾತ್ರಿ ಬೀದಿಯಲ್ಲಿ ಕುಣಿಯುವಾಗ ನಮ್ಮ ಗುಂಪಿನಲ್ಲಿ ಕುಂಭಕರ್ಣ ಇರಲಿಲ್ಲ. "ಮಲಗಿರ್ತಾನೆ ಬಿಡೋ" ಎಂದು ಇನ್ನೊಮ್ಮೆ ನಕ್ಕೆವು.

ಫಲಿತಾಂಶ ಬಂತು. ಅವನಿಗೆ ಕನ್ನಡದಲ್ಲಿ 125ಕ್ಕೆ 94, ನನಗಿಂತ ಹನ್ನೊಂದು ಹೆಚ್ಚು. ಗಣಿತದಲ್ಲಿ ನಪಾಸು. 2024ರಲ್ಲಿ ಒಂದೇ ವರ್ಷದಲ್ಲಿ ಮೂರು ಪರೀಕ್ಷೆಗಳ ಅವಕಾಶ ಬಂತು. ನಮಗೆ ಬೇಸಿಗೆಯಲ್ಲಿ ಬಿದ್ದರೆ ದಸರಾ ಹೊತ್ತಿನವರೆಗೆ ಕಾಯಬೇಕಿತ್ತು, ಅಷ್ಟರಲ್ಲಿ ಓದೇ ಮರೆತುಹೋಗುತ್ತಿತ್ತು. ಅವನು ಮತ್ತೆ ಫೀಸು ಕಟ್ಟಲಿಲ್ಲ.

1999ರಲ್ಲಿ ವಿಧಾನಸಭೆಗೂ ಲೋಕಸಭೆಗೂ ಒಟ್ಟಿಗೇ ಚುನಾವಣೆ ಬಂತು. ಪ್ರೆಸ್ಸಿನವರಿಗೆ ನಿದ್ದೆಯೇ ಇಲ್ಲ, ರಾತ್ರಿಯಿಡೀ ಕರಪತ್ರ. ಒಂದು ದಿನ ಬೆಳಗಿನ ಜಾವ ನಾಲ್ಕು ಗಂಟೆಗೆ ಕಣ್ಣು ಉರಿಯುತ್ತಿತ್ತು, ಟೀ ಕುಡಿಯೋಣ ಎಂದು ಕೆ.ಆರ್. ಮಾರ್ಕೆಟ್ಟಿನ ಕಡೆ ನಡೆದೆ. ಹೂವಿನ ಮಾರುಕಟ್ಟೆ ಆ ಹೊತ್ತಿಗೆ ಹಗಲಿಗಿಂತ ಜೋರು. ಸೇವಂತಿಗೆ, ಕನಕಾಂಬರ, ಸುಗಂಧರಾಜ, ನೆಲವೆಲ್ಲ ಕೆಸರು. ತಲೆಯ ಮೇಲೆ ದೊಡ್ಡ ಕುಕ್ಕೆ ಹೊತ್ತವನೊಬ್ಬ "ದಾರಿ, ದಾರಿ" ಎನ್ನುತ್ತ ಬಂದು ನನ್ನ ಮುಂದೆ ನಿಂತುಬಿಟ್ಟ.

"ಏನೋ ಬಿರುದು ಬರೆಯೋನೆ, ನಿದ್ದೆ ಬರ್ಲಿಲ್ವಾ?"

ಕುಂಭಕರ್ಣ!

ಟೀ ಕುಡಿಯುತ್ತ ಕೇಳಿದೆ, ಯಾವಾಗಿನಿಂದ ಈ ಕೆಲಸ ಎಂದು. ಆರನೇ ಕ್ಲಾಸಿನಿಂದಂತೆ. ಅಪ್ಪನಿಗೆ ಬೆನ್ನು ನೋವು, ಭಾರ ಎತ್ತುವ ಹಾಗಿಲ್ಲ. ಮೂರು ಗಂಟೆಗೆ ಎದ್ದು ಮಾರ್ಕೆಟ್ಟು, ಹೂವು ತಂದು ಕಟ್ಟಿ, ಅಂಗಡಿ ತೆಗೆದು, ಅಮ್ಮನನ್ನು ಕೂರಿಸಿ ಆಮೇಲೆ ಶಾಲೆ. ನಾವು ನಗುತ್ತಿದ್ದಾಗ ಅವನು ಎದ್ದು ಏಳು ಗಂಟೆಯಾಗಿರುತ್ತಿತ್ತು. ಕನ್ನಡ ಪಂಡಿತರು ದೇವರಿಗೆ ಹೂವು ಕೊಳ್ಳುತ್ತಿದ್ದದ್ದು ಅವರ ಅಂಗಡಿಯಲ್ಲೇ ಅಂತೆ. ಅವರಿಗೆ ಗೊತ್ತಿತ್ತು.

"ಹೇಳಬಾರದಿತ್ತೇನೋ?" ಎಂದೆ.

"ಯಾರ್ ಕೇಳಿದ್ರು?" ಎಂದ. ಕೋಪದಿಂದಲ್ಲ, ಲೋಟ ಊದುತ್ತ. ಆಮೇಲೆ ಅವನೇ, "ಆ ಕಿರೀಟ ಮನೇಲಿ ಇನ್ನೂ ಇದೆ ಕಣೋ. ಅಮ್ಮಂಗೆ ಓದೋಕ್ ಬರಲ್ಲ. ಏನಪ್ಪಾ ಇದು ಅಂದ್ಳು. ಬಹುಮಾನ ಅಂದೆ. ದೇವರ ಫೋಟೋ ಪಕ್ಕ ಮೊಳೆ ಹೊಡ್ದು ನೇತು ಹಾಕಿದಾಳೆ" ಎಂದ. ಬಂದವರಿಗೆಲ್ಲ ತೋರಿಸುತ್ತಿದ್ದಳಂತೆ. ಓದು ಬಲ್ಲ ನೆಂಟರೊಬ್ಬರು ಒಮ್ಮೆ ಬಂದಾಗ ಇವನು ಅದನ್ನು ತಿರುಗಿಸಿ ಹಾಕಿದ್ದನಂತೆ, ಬೇಗಡೆ ಹಿಂದೆ, ಬಿಳಿ ಮುಂದೆ.

ನನಗೆ ಟೀ ಒಳಗೆ ಇಳಿಯಲಿಲ್ಲ. ಕ್ಷಮಿಸು ಎಂದು ಹೇಳಬೇಕಿತ್ತು. ಹೇಳಲಿಲ್ಲ, ಟೀ ದುಡ್ಡು ನಾನು ಕೊಟ್ಟೆ, ಅಷ್ಟೇ. ಇಪ್ಪತ್ತು ವರ್ಷದ ಹುಡುಗನಿಗೆ ಆಗ ತಿಳಿದ ಪ್ರಾಯಶ್ಚಿತ್ತ ಅದೊಂದೇ.

ಆಮೇಲೆ ಯಜಮಾನರ ಪ್ರೆಸ್ಸನ್ನೇ ನಾನು ಕೊಂಡೆ, ಟ್ರೆಡಲ್ ಗುಜರಿಗೆ ಹೋಯಿತು, ಆಫ್‌ಸೆಟ್ ಬಂತು. ಈ ವರ್ಷ ಇದೇ ಶಾಲೆಯ ಮಕ್ಕಳು ವಿದಾಯದ ಪುಸ್ತಿಕೆ ಹಿಡಿದು ಬಂದರು. ತೆಗೆದು ನೋಡಿದರೆ ಮತ್ತೆ ಬಿರುದುಗಳ ಪಟ್ಟಿ! ಎದೆ ಝಲ್ಲೆಂದಿತು. 'ಹತ್ತು ನಿಮಿಷದ ಡೆಲಿವರಿ', ಅಂದರೆ ದಿನಾ ಹತ್ತು ನಿಮಿಷ ತಡವಾಗಿ ಬರುವವನು. 'ಸಿಲ್ಕ್ ಬೋರ್ಡ್ ಜಂಕ್ಷನ್', ಅಂದರೆ ಸಮಾಜ ವಿಜ್ಞಾನದ ಉತ್ತರ ಬರೆಯಲು ಕೂತರೆ ಮುಂದಕ್ಕೇ ಹೋಗದವಳು. ನಕ್ಕೆ. ಆಮೇಲೆ ಒಂದು ಬಂತು: 'ನೀರಿನ ಟ್ಯಾಂಕರ್'. ಯಾಕೆ ಎಂದೆ. ಮಾತು ಮಾತಿಗೂ ಅಳುತ್ತಾಳೆ ಸಾರ್ ಎಂದರು. ಯಾಕೆ ಅಳುತ್ತಾಳೆ ಎಂದು ಯಾರಾದರೂ ಕೇಳಿದಿರಾ ಎಂದೆ. ಮುಖ ಮುಖ ನೋಡಿಕೊಂಡರು. ಇದೊಂದನ್ನು ನಾನು ಅಚ್ಚು ಹಾಕುವುದಿಲ್ಲ ಎಂದು ಹಾಳೆ ವಾಪಸ್ ಕೊಟ್ಟೆ. ದೊಡ್ಡ ಕೆಲಸ ಮಾಡಿದೆ ಎಂಬ ಭಾವ ನನಗೆ, ನಿಜ ಹೇಳುತ್ತೇನೆ.

ಮರುದಿನ ಒಬ್ಬಳೇ ಒಂದು ಹುಡುಗಿ ಬಂದಳು.

"ಅಂಕಲ್, ಟ್ಯಾಂಕರ್ ನಾನೇ. ಅದು ನಾನೇ ಬರ್ಕೊಂಡಿರೋದು, ಹಾಕಿ" ಎಂದಳು.

ಆಗ ತಿಳಿಯಿತು. ಈ ವರ್ಷ ಅವರ ತರಗತಿಯಲ್ಲಿ ಒಂದು ಕಾನೂನು: ಪ್ರತಿಯೊಬ್ಬರ ಬಿರುದನ್ನು ಅವರವರೇ ಬರೆದುಕೊಡಬೇಕು, ಚೆನ್ನಾಗಿಲ್ಲದಿದ್ದರೆ ತರಗತಿ ತಿರಸ್ಕರಿಸಬಹುದು, ಬೇರೆಯವರು ಹೊಸದು ಹೇರುವಂತಿಲ್ಲ. ಈ ಬುದ್ಧಿ ಯಾರಿಗೆ ಹೊಳೆಯಿತು ಎಂದೆ. ಯಾರಿಗೋ ಅಂಕಲ್, ಹಾಗೇ ಆಯ್ತು ಎಂದಳು. ಮತ್ತೆ ನಿನ್ನ ಗೆಳೆಯರು ನಿನ್ನೆ ಯಾಕೆ ಹೇಳಲಿಲ್ಲ ಎಂದರೆ, "ನೀವು ಹೇಳೋಕೆ ಬಿಟ್ರಾ?" ಎಂದು ನಕ್ಕಳು. ಯಾಕೆ ಅಳುತ್ತೀಯಮ್ಮ ಎಂದು ಕೇಳಿದೆ. ಕೇಳಿದೆ, ಈ ಸಲ. ಅವಳು ಹೇಳಿದಳು. ಅದು ನಮ್ಮಿಬ್ಬರ ನಡುವಿನದು. ಪುಸ್ತಿಕೆಯ ಒಂಬತ್ತನೇ ಪುಟದಲ್ಲಿ 'ನೀರಿನ ಟ್ಯಾಂಕರ್' ದಪ್ಪ ಅಕ್ಷರದಲ್ಲಿದೆ, ಕಾಗುಣಿತದ ಒಂದು ತಪ್ಪೂ ಇಲ್ಲ, ಮೂರು ಸಲ ಪ್ರೂಫು ನೋಡಿದ್ದೇನೆ.

ಕುಂಭಕರ್ಣ ಎಲ್ಲಿದ್ದಾನೆ ಎಂದು ಸಭೆಯಲ್ಲಿ ಒಬ್ಬ ಹುಡುಗ ಎದ್ದು ನಿಂತು ಕೇಳಿದ. ಎಲ್ಲೂ ಹೋಗಿಲ್ಲಪ್ಪ. ಅವನ ಅಂಗಡಿ ಈಗ ದೊಡ್ಡದಾಗಿದೆ, ಮದುವೆ ಮಂಟಪಗಳಿಗೆ ಹೂವಿನ ಅಲಂಕಾರ ಮಾಡಿಸುತ್ತಾನೆ, ಅವನ ಕಾರ್ಡು, ಬಿಲ್ ಪುಸ್ತಕ ಎಲ್ಲ ನನ್ನಲ್ಲೇ ಅಚ್ಚಾಗುವುದು, ದುಡ್ಡು ಕೊಡುವಾಗ ಚೌಕಾಸಿ ಮಾಡುತ್ತಾನೆ, ನಾನು ಮಾತಾಡದೆ ಬಿಡುತ್ತೇನೆ. ಅಂದು ನನ್ನ ಕೊರಳಿಗೂ ಮೇಷ್ಟ್ರ ಕೊರಳಿಗೂ ಹಾಕಿದ ಹಾರ ಅವನು ಕಳಿಸಿದ್ದು. ನೀನೂ ಬಾರೋ, ಮಕ್ಕಳು ನೋಡಲಿ ಎಂದು ಎರಡು ಸಲ ಕರೆದಿದ್ದೆ. ಸಮಾರಂಭ ಎಷ್ಟು ಹೊತ್ತಿಗೆ ಎಂದು ಕೇಳಿದ. ಮಧ್ಯಾಹ್ನ ಎರಡೂವರೆಗೆ ಎಂದೆ.

"ಅದು ನಾನು ಮಲಗೋ ಹೊತ್ತು ಕಣೋ" ಎಂದ.