ಗಿಟಾರಿನ ಗುಡುಗು ಮತ್ತು ವಾಲ್ವಿನ ಪೆಟ್ಟಿಗೆ

(ವಾಚನಾಲಯದ ಭಾನುವಾರದ ಸಭೆಯಲ್ಲಿ ಮಾಡಿದ ಭಾಷಣ)



ಈ ವಾಚನಾಲಯದ ಮೇಜಿನ ಸುತ್ತ ಕುಳಿತು ನಾವು ಕುಮಾರವ್ಯಾಸನ ವಿಷಯ ಕೇಳಿದ್ದೇವೆ, ಮಧುಮೇಹದ ವಿಷಯ ಕೇಳಿದ್ದೇವೆ, ಆದಾಯ ತೆರಿಗೆಯ ವಿಷಯವನ್ನಂತೂ ವರ್ಷಕ್ಕೊಮ್ಮೆ ತಪ್ಪದೆ ಕೇಳುತ್ತೇವೆ. ಎಲೆಕ್ಟ್ರಿಕ್ ಗಿಟಾರಿನ ಆಂಪ್ಲಿಫೈಯರಿನ ವಿಷಯ ಈ ಮೇಜಿಗೆ ಬಂದದ್ದು ಇದೇ ಮೊದಲು. ಕಾರ್ಯದರ್ಶಿಗಳು ಇದಕ್ಕೆ ಒಪ್ಪಿದ್ದಕ್ಕೆ ಕಾರಣವಿದೆ. ನಮ್ಮ ಸದಸ್ಯರಲ್ಲಿ ಕಡಮೆಯೆಂದರೂ ನಾಲ್ಕು ಮನೆಯ ಮಕ್ಕಳು ಹೆವಿ ರಾಕ್ ಎಂಬ ಸಂಗೀತವನ್ನು ನುಡಿಸುತ್ತಾರೆ; ನಾಲ್ಕು ಮನೆಗಳಲ್ಲಿಯೂ ವ್ಯಾಜ್ಯ ಒಂದೇ.

ನಮ್ಮ ಅಕ್ಕನ ಮಗನಿಗೆ ಹೋದ ವರ್ಷ ಮೊದಲ ಕೆಲಸ ಸಿಕ್ಕಿತು. ವರ್ಷವಿಡೀ ಉಳಿಸಿದ ಹಣವನ್ನೆಲ್ಲ ಒಂದು ನೂರು ವಾಟಿನ ವಾಲ್ವು ಆಂಪ್ಲಿಫೈಯರಿಗೂ, ಹನ್ನೆರಡಂಗುಲದ ನಾಲ್ಕು ಸ್ಪೀಕರುಗಳಿರುವ, ಅರ್ಧ ಬೀರುವಿನಷ್ಟು ದೊಡ್ಡ ಪೆಟ್ಟಿಗೆಗೂ ಸುರಿಯಲು ಅವನು ಸಿದ್ಧನಾಗಿ ನಿಂತಿದ್ದ. ಅಕ್ಕ ಫೋನು ಮಾಡಿ, “ನೀನಾದರೂ ಅವನಿಗೆ ಬುದ್ಧಿ ಹೇಳೋ. ಸ್ಕೂಟರಿನ ದುಡ್ಡು ಕೊಟ್ಟು ಮನೆಗೆ ಗದ್ದಲ ತರ್ತಾನಂತೆ” ಎಂದಳು. ಹುಡುಗನನ್ನು ಕೇಳಿದರೆ, “ಮಾವ, ನೂರು ವಾಟ್ ಇಲ್ಲದೆ ಹೆವಿ ಬರೋದೇ ಇಲ್ಲ” ಎಂದ. ಈ ಒಂದು ಮಾತು ನಿಜವೆ, ಸುಳ್ಳೆ ಎಂಬುದೇ ಇಂದಿನ ನಮ್ಮ ವಿಷಯ. ಅದು ಒಂದು ಕಾಲದಲ್ಲಿ ನಿಜವಾಗಿತ್ತು. ಈಗ ಅಲ್ಲ.

ವಾಲ್ವು ಎಂದರೆ ಹಿರಿಯರಿಗೆ ಹೇಳಿಕೊಡಬೇಕಾದುದಿಲ್ಲ. ಹಾಕಿದ ಮೇಲೆ ಕಾಯುವ ತನಕ ಕಾದು ಕೂರಬೇಕಾಗಿದ್ದ ಹಳೆಯ ರೇಡಿಯೊದೊಳಗೆ ಕೆಂಪಗೆ ಹೊಳೆಯುತ್ತಿದ್ದ ಗಾಜಿನ ಬುರುಡೆಯೇ ಅದು. ಬೆಂಗಳೂರಿನ ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ 1960ರ ದಶಕದಲ್ಲಿ ಅಂಥವು ತಯಾರಾಗುತ್ತಿದ್ದವು. ಗಾಳಿ ತೆಗೆದ ಬುರುಡೆಯೊಳಗೆ ಕಾದ ಲೋಹದಿಂದ ಎಲೆಕ್ಟ್ರಾನುಗಳು ಹೊರಟು ಎದುರಿನ ತಗಡಿಗೆ ಹರಿಯುತ್ತವೆ. ನಡುವೆ ಒಂದು ಜಾಲರಿ. ಅಮೆರಿಕದ ಲೀ ಡಿ ಫಾರೆಸ್ಟ್ 1906ರಲ್ಲಿ ಈ ಜಾಲರಿಯನ್ನು ಸೇರಿಸಿದ. ಕೆರೆಯ ತೂಬನ್ನು ಬೆರಳಗಲ ಎತ್ತಿದರೆ ಕಾಲುವೆ ತುಂಬ ನೀರು ಹರಿಯುವಂತೆ, ಜಾಲರಿಗೆ ಕೊಟ್ಟ ಅತಿ ಸಣ್ಣ ಒತ್ತಡ ದೊಡ್ಡ ಪ್ರವಾಹವನ್ನು ಆಡಿಸುತ್ತದೆ. ಗಿಟಾರಿನ ತಂತಿಯಿಂದ ಬರುವ ದುರ್ಬಲ ವಿದ್ಯುತ್ತು ದೊಡ್ಡದಾಗುವುದು ಹೀಗೆ.

ಆದರೆ ಕೆರೆಗೆ ಕೋಡಿಯೂ ಉಂಟು. ಎಷ್ಟು ಮಳೆ ಬಂದರೂ ನೀರು ಕೋಡಿಯ ಮಟ್ಟದಿಂದ ಬಹಳ ಮೇಲೇರದು. ವಾಲ್ವಿಗೂ ಹಾಗೆಯೇ. ಅದರ ಶಕ್ತಿಯನ್ನು ಮೀರಿ ನೂಕಿದರೆ ಅಲೆಯ ತಲೆ ಚಪ್ಪಟೆಯಾಗುತ್ತದೆ. ಚಪ್ಪಟೆಯಾದ ಅಲೆಯಲ್ಲಿ ಮೂಲಸ್ವರದಲ್ಲಿ ಇಲ್ಲದ ಹೊಸ ಉಪಸ್ವರಗಳು ಹುಟ್ಟುತ್ತವೆ. ಸ್ವರ ಬೇಗ ಸಾಯದೆ ನಿಲ್ಲುತ್ತದೆ. ರೇಡಿಯೊ ಇಂಜಿನಿಯರನಿಗೆ ಇದು ದೋಷ, ರಾಕ್ ವಾದಕನಿಗೆ ಇದೇ ಪ್ರಾಣ. ಇದನ್ನು ಕೇಳಿ ಮೂಗು ಮುರಿಯುವವರು ತಂಬೂರಿಯನ್ನು ನೆನೆಯಬೇಕು. ಕುದುರೆಯ ಮೇಲೆ ತಂತಿಯ ಕೆಳಗೆ ಒಂದು ನೂಲನ್ನು ಇಟ್ಟು, ತಂತಿ ಗುಂಯ್ ಎನ್ನುವ ತನಕ ಅದನ್ನು ಜರುಗಿಸುತ್ತೇವಲ್ಲ, ಆ ಜೀವಾಳದಿಂದ ಏಳುವುದೂ ಉಪಸ್ವರಗಳ ಸಂಪತ್ತೇ. ಶುದ್ಧವಾದ ತಂತಿಯನ್ನು ಬೇಕೆಂದೇ ಕೆಣಕಿ ಅದಕ್ಕೆ ಜೀವ ತರುವ ಉಪಾಯ ನಮಗೆ ಹೊಸದಲ್ಲ.

ಇನ್ನು ಹುಡುಗನ ನೂರು ವಾಟಿಗೆ ಬರೋಣ. 1962ರಲ್ಲಿ ಲಂಡನ್ನಿನ ಹ್ಯಾನ್‌ವೆಲ್ ಎಂಬಲ್ಲಿ ಡ್ರಮ್ ಕಲಿಸುತ್ತ ವಾದ್ಯಗಳ ಅಂಗಡಿ ಇಟ್ಟಿದ್ದ ಜಿಮ್ ಮಾರ್ಷಲ್, ಕೆನ್ ಬ್ರಾನ್ ಮತ್ತು ಡಡ್ಲಿ ಕ್ರೇವನ್ ಎಂಬ ಇಬ್ಬರು ಕುಶಲಿಗಳನ್ನು ಸೇರಿಸಿಕೊಂಡು, ಅಮೆರಿಕದ ಫೆಂಡರ್ ಕಂಪೆನಿಯ ಬ್ಯಾಸ್‌ಮನ್ ಎಂಬ ಪೆಟ್ಟಿಗೆಯನ್ನು ಮಾದರಿಯಾಗಿಟ್ಟು ತನ್ನದನ್ನು ಕಟ್ಟಿಸಿದ. ಆ ಪೆಟ್ಟಿಗೆಗಳಲ್ಲಿ ಧ್ವನಿಯ ಗುಂಡಿಯನ್ನು ಪೂರ್ತಿ ತಿರುಗಿಸಿದ ಹೊರತು ಕೋಡಿ ಬೀಳುತ್ತಿರಲಿಲ್ಲ. ಗಡಸು ಬೇಕಾದವನು ಗದ್ದಲವನ್ನೂ ಕೊಳ್ಳಲೇಬೇಕು. ದೊಡ್ಡ ಸಭಾಂಗಣಗಳಲ್ಲಿ ನುಡಿಸುತ್ತಿದ್ದ ಪೀಟ್ ಟೌನ್‌ಶೆಂಡ್ ಮುಂತಾದವರ ಒತ್ತಾಯದಿಂದ 1965ರ ಹೊತ್ತಿಗೆ ನೂರು ವಾಟಿನವು ಬಂದವು. ವೇದಿಕೆಯ ಮೇಲೆ ಪೆಟ್ಟಿಗೆಯ ಮೇಲೆ ಪೆಟ್ಟಿಗೆ ಪೇರಿಸಿದ ಆ ಚಿತ್ರ ನಮ್ಮ ಹುಡುಗರ ಕಣ್ಣಿನಲ್ಲಿ ಇನ್ನೂ ನಿಂತಿದೆ.

ಕ್ಯಾಲಿಫೋರ್ನಿಯಾದಲ್ಲಿ ರ‍್ಯಾಂಡಲ್ ಸ್ಮಿತ್ ಎಂಬಾತ, ಮೆಸಾ ಬೂಗಿ ಎಂಬ ಹೆಸರಿನಲ್ಲಿ, ಬೇರೆ ದಾರಿ ಹಿಡಿದ. ಒಂದು ಸಣ್ಣ ವಾಲ್ವಿನಿಂದ ಬಂದುದನ್ನು ಇನ್ನೊಂದು ಸಣ್ಣ ವಾಲ್ವಿಗೆ, ಅದರಿಂದ ಮತ್ತೊಂದಕ್ಕೆ ಹೀಗೆ ಸಾಲಾಗಿ ಹರಿಸಿ, ಕೊನೆಯಲ್ಲಿ ಒಟ್ಟು ಧ್ವನಿಗೆ ಬೇರೆ ಗುಂಡಿ ಇಡುವುದು. ಈ ಸಣ್ಣ ವಾಲ್ವು ಅಮೆರಿಕದಲ್ಲಿ 12ಎಎಕ್ಸ್7, ಯೂರೋಪಿನಲ್ಲಿ ಇಸಿಸಿ83. ಒಂದೇ ಗಾಜಿನೊಳಗೆ ಎರಡು ವಾಲ್ವುಗಳ ಜೋಡಿ. ಮಾರ್ಷಲ್ಲಿನವರೂ 1975ರಲ್ಲಿ 2203 ಎಂಬ ಮಾದರಿಗೆ ಅಂಥ ಒಟ್ಟು ಗುಂಡಿಯನ್ನು ಕೊಟ್ಟರು; 1981ರಿಂದ ಅದೇ ಜೆಸಿಎಂ800 ಎಂದು ಹೆಸರಾಯಿತು. 1987ರಲ್ಲಿ ಸೋಲ್ಡಾನೊ ಎಸ್‌ಎಲ್‌ಒ, 1992ರಲ್ಲಿ ಎಡ್ವರ್ಡ್ ವ್ಯಾನ್ ಹೇಲನ್ನನಿಗಾಗಿ ಪೀವೀ ಕಂಪೆನಿಯ 5150, ಅದೇ ಸುಮಾರಿಗೆ ಮೆಸಾದ ಡ್ಯುಯಲ್ ರೆಕ್ಟಿಫೈಯರ್. ಹೈ ಗೇನ್ ಎಂದು ಹುಡುಗರು ಹೇಳುವುದು ಈ ವಂಶವನ್ನೇ. ಇವುಗಳಲ್ಲಿ ಗಡಸು ಹುಟ್ಟುವುದು ಬಹುಮಟ್ಟಿಗೆ ಮುಂದಿನ ಸಣ್ಣ ವಾಲ್ವುಗಳಲ್ಲಿ. ಹಿಂದಿನ ದೊಡ್ಡ ವಾಲ್ವುಗಳು ಅದನ್ನು ಹೊತ್ತು ಸ್ಪೀಕರಿಗೆ ಮುಟ್ಟಿಸುತ್ತವೆ. ಹಾಗಾದ ಮೇಲೆ ಗಡಸಿಗೂ ವಾಟಿಗೂ ಇದ್ದ ಗಂಟು ಬಿಚ್ಚಿತು.

ವಾಟಿನ ಲೆಕ್ಕವೂ ನಮ್ಮ ಎಣಿಕೆಯಂತಿಲ್ಲ. ಐವತ್ತು ವಾಟಿನದಕ್ಕಿಂತ ನೂರು ವಾಟಿನದು ಮೂರು ಡೆಸಿಬೆಲ್ ಮಾತ್ರ ಹೆಚ್ಚು. ಕಿವಿಗೆ ಶಬ್ದ ಇಮ್ಮಡಿ ಎನಿಸಬೇಕಾದರೆ ವಾಟು ಸುಮಾರು ಹತ್ತು ಪಟ್ಟಾಗಬೇಕು. ಇಪ್ಪತ್ತು ವಾಟಿನ ಪೆಟ್ಟಿಗೆ ಡ್ರಮ್ಮಿನ ಎದುರಿಗೂ ಕೇಳುತ್ತದೆ. ಇತ್ತ ನಮ್ಮ ಫ್ಲಾಟುಗಳ ಸ್ಥಿತಿ ನಿಮಗೆ ಗೊತ್ತು. 2000ದ ಶಬ್ದಮಾಲಿನ್ಯ ನಿಯಮಗಳಂತೆ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ನೂರು ವಾಟಿನ ವಾಲ್ವು ಪೆಟ್ಟಿಗೆಯನ್ನು ಕೊಂಡವನು ಅದರ ಗುಂಡಿಯನ್ನು ಒಂದರ ಆಚೆಗೆ ತಿರುಗಿಸದೆಯೇ ಮುದುಕನಾಗುತ್ತಾನೆ. ಅಷ್ಟು ಕೆಳಗೆ ಅದು ತನ್ನ ಗುಣವನ್ನೂ ತೋರುವುದಿಲ್ಲ.

ಹಾಗಾದರೆ ಯಾವುದನ್ನು ಆರಿಸಬೇಕು? ಮೊದಲು ಹಿಂದಿನ ದೊಡ್ಡ ವಾಲ್ವಿನ ಹೆಸರನ್ನು ನೋಡುವುದು ವಾಡಿಕೆ. ಇಂಗ್ಲಿಷ್ ಪೆಟ್ಟಿಗೆಗಳಲ್ಲಿ ಸಾಮಾನ್ಯವಾದ ಇಎಲ್34ಕ್ಕೆ ನಡುಸ್ವರ ಮುಂದು, ಅಂಚು ಒರಟು. ಅಮೆರಿಕದ 6ಎಲ್6ಕ್ಕೆ ಕೆಳಸ್ವರ ಅಗಲ. ಸಣ್ಣ ಪೆಟ್ಟಿಗೆಗಳಲ್ಲಿ ಇಎಲ್84. ಇದು ಸುಳ್ಳಲ್ಲ, ಆದರೆ ಇದಕ್ಕೆ ಕೊಡುವ ಪ್ರಾಶಸ್ತ್ಯ ಅತಿಯಾಯಿತೆಂದು ನಮ್ಮ ಮತ. ಹೆವಿ ರಾಕಿಗೆ ನಿಜವಾಗಿ ನೋಡಬೇಕಾದುದು ಕೆಳಸ್ವರದ ಬಿಗಿ. ಈ ಸಂಗೀತದ ಒಂದು ಮುಖ್ಯ ವರಸೆಯೆಂದರೆ ಬಲ ಅಂಗೈಯ ಅಂಚನ್ನು ಕುದುರೆಯ ಬಳಿ ತಂತಿಗಳ ಮೇಲೆ ಒತ್ತಿ, ಸ್ವರವನ್ನು ಅರೆಯುಸಿರಿನಲ್ಲೇ ಹಿಡಿದು ವೇಗವಾಗಿ ಮೀಟುವುದು. ದಪ್ಪ ಸ್ವರವನ್ನು ಹಾಗೆಯೇ ವಾಲ್ವುಗಳ ಸಾಲಿಗೆ ನೂಕಿದರೆ ಒಂದು ಪೆಟ್ಟು ಮುಗಿಯುವ ಮೊದಲೇ ಇನ್ನೊಂದು ಬಂದು ಎಲ್ಲವೂ ಅಂಬಲಿಯಾಗುತ್ತದೆ. ಆದ್ದರಿಂದ ಕೆಳಸ್ವರವನ್ನು ಮೊದಲು ಕಡಮೆ ಮಾಡಿ, ಗಡಸು ಹುಟ್ಟಿಸಿ, ಅನಂತರ ಅದನ್ನು ಮತ್ತೆ ಸೇರಿಸಬೇಕು. ಮೆಸಾದ ಮಾರ್ಕ್ ಮಾದರಿಗಳಲ್ಲಿ ಸ್ವರದ ಗುಂಡಿಗಳು ಗಡಸಿಗೆ ಮುಂಚೆಯೇ ಇವೆ. ಐದು ಪಟ್ಟಿಗಳ ಇನ್ನೊಂದು ಏರ್ಪಾಟು ಕೊನೆಯಲ್ಲಿದೆ. ಮೆಟಾಲಿಕಾ ತಂಡದ 1986ರ ‘ಮಾಸ್ಟರ್ ಆಫ್ ಪಪೆಟ್ಸ್’ ಧ್ವನಿಮುದ್ರಣದ ಕತ್ತರಿಸಿದಂಥ ನಾದ ಆ ವಂಶದ ಟೂ-ಸಿ-ಪ್ಲಸ್ ಮಾದರಿಯದು. ಅದೇ ತಂಡ 2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ನುಡಿಸಿದಾಗ ನಮ್ಮ ಸಂಘದಿಂದಲೂ ಇಬ್ಬರು ರೈಲು ಹತ್ತಿದ್ದರು. ರೆಕ್ಟಿಫೈಯರಿನಲ್ಲಿ ಕೆಳಸ್ವರ ಉದಾರ, ಸ್ವಲ್ಪ ಸಡಿಲ. ಮೆಲ್ಲಗೆ ನಡೆಯುವ ಭಾರದ ಸಂಗೀತಕ್ಕೆ ಅದೇ ಚೆನ್ನು. ಇಂಥದನ್ನು ಬಿಗಿಗೊಳಿಸಲು ಎಷ್ಟೋ ಜನ ಐಬನೀಜ್ ಟ್ಯೂಬ್ ಸ್ಕ್ರೀಮರಿನಂಥ ಒಂದು ಕಾಲೊತ್ತನ್ನು ಮುಂದಿಟ್ಟು, ಅದರ ಗಡಸನ್ನು ತಗ್ಗಿಸಿ ಮಟ್ಟವನ್ನು ಏರಿಸುತ್ತಾರೆ. ಅದು ಕೆಳಸ್ವರವನ್ನು ಸೋಸಿ ಕಳಿಸುತ್ತದೆ. ಜೆಸಿಎಂ800ರಂಥ, ಗೇನ್ ಅಷ್ಟು ಹೆಚ್ಚಿಲ್ಲದ ಪೆಟ್ಟಿಗೆಗೂ ಈ ಉಪಾಯ ಒದಗುತ್ತದೆ. ಸ್ಕೂಟರಿನ ದುಡ್ಡಿನ ಮುಂದೆ ಇದರ ಬೆಲೆ ಏನೂ ಅಲ್ಲ.

ಅಂಗಡಿಯಲ್ಲಿ ಪರೀಕ್ಷಿಸುವಾಗ ಎಲ್ಲರೂ ಮಾಡುವ ತಪ್ಪು ಎರಡು. ಗೇನ್ ಗುಂಡಿಯನ್ನು ಪೂರ್ತಿ ತಿರುಗಿಸುವುದು ಒಂದು, ನಡುಸ್ವರವನ್ನು ಪೂರ್ತಿ ಕಳೆಯುವುದು ಇನ್ನೊಂದು. ಒಬ್ಬನೇ ಕುಳಿತು ನುಡಿಸುವಾಗ ಎರಡೂ ಸೊಗಸು. ಬ್ಯಾಸ್ ಮತ್ತು ಡ್ರಮ್ ಸೇರಿದೊಡನೆ ನಡುಸ್ವರವಿಲ್ಲದ ಗಿಟಾರು ಎಲ್ಲಿ ಹೋಯಿತೋ ಕಾಣದು. ಧ್ವನಿಮುದ್ರಣಗಳಲ್ಲಿ ಕೇಳುವ ಗೋಡೆಯಂಥ ನಾದ ಹೆಚ್ಚಾಗಿ ಒಬ್ಬನೇ ವಾದಕ ಒಂದೇ ವರಸೆಯನ್ನು ಎರಡು ಸಲ, ನಾಲ್ಕು ಸಲ ನುಡಿಸಿ ಸೇರಿಸಿದ್ದು. ಒಂದೊಂದರಲ್ಲಿ ಇರುವ ಗೇನ್ ನಾವು ಊಹಿಸುವುದಕ್ಕಿಂತ ಕಡಮೆ. ಆದ್ದರಿಂದ ಸ್ವಂತ ಗಿಟಾರನ್ನು ಒಯ್ದು, ಗೇನನ್ನು ಅರ್ಧಕ್ಕೆ ಇಟ್ಟು, ಒತ್ತಿ ಮೀಟಿ ಕೇಳಬೇಕು. ಅಲ್ಲಿ ಸ್ವರ ಬಿಡಿಬಿಡಿಯಾಗಿ ಬಂದರೆ ಪೆಟ್ಟಿಗೆ ಒಳ್ಳೆಯದು.

ಸ್ಪೀಕರನ್ನು ಕೊನೆಗೆ ಉಳಿದ ಚಿಲ್ಲರೆಯಲ್ಲಿ ಕೊಳ್ಳುವವರಿದ್ದಾರೆ. ಇದು ತಲೆಕೆಳಗು. ಅದೇ ಆಂಪ್ಲಿಫೈಯರನ್ನು ಬೆನ್ನು ತೆರೆದ ಪೆಟ್ಟಿಗೆಗೂ ಮುಚ್ಚಿದ ಪೆಟ್ಟಿಗೆಗೂ ಜೋಡಿಸಿ ಕೇಳಿದರೆ ವಾಲ್ವು ಬದಲಿಸಿದ್ದಕ್ಕಿಂತ ಹೆಚ್ಚು ವ್ಯತ್ಯಾಸ ಕಾಣುತ್ತದೆ. ಹೆವಿಗೆ ಮುಚ್ಚಿದ ಬೆನ್ನೇ ಸರಿ. ನಾಲ್ಕು ಸ್ಪೀಕರು ಬೇಕಿಲ್ಲ, ಎರಡು ಸಾಕು, ಲಿಫ್ಟಿಗೂ ಹಿಡಿಯುತ್ತದೆ. ಸ್ಪೀಕರಿನ ಓಮ್ ಸಂಖ್ಯೆ ಆಂಪ್ಲಿಫೈಯರಿನ ಹಿಂದೆ ಬರೆದಿರುವ ಸಂಖ್ಯೆಗೆ ಕೂಡಬೇಕು. ಸ್ಪೀಕರನ್ನೇ ಜೋಡಿಸದೆ ವಾಲ್ವು ಪೆಟ್ಟಿಗೆಯನ್ನು ಎಂದಿಗೂ ನುಡಿಸಕೂಡದು. ಒಳಗಿನ ಟ್ರಾನ್ಸ್‌ಫಾರ್ಮರು ಸುಟ್ಟುಹೋಗಬಹುದು. ರಾತ್ರಿ ಅಭ್ಯಾಸಕ್ಕೆ ಲೋಡ್ ಬಾಕ್ಸ್ ಎಂಬುದು ಸಿಗುತ್ತದೆ. ಅದು ಸ್ಪೀಕರಿನ ಜಾಗದಲ್ಲಿ ನಿಂತು ಶಕ್ತಿಯನ್ನು ನುಂಗಿ, ನಾದವನ್ನು ಹೆಡ್‌ಫೋನಿಗೆ ಕೊಡುತ್ತದೆ.

ಟ್ರಾನ್ಸ್‌ಫಾರ್ಮರಿನ ಮಾತು ಬಂದುದರಿಂದ ನಮ್ಮದೇ ಒಂದು ಪೆದ್ದತನವನ್ನು ಹೇಳಬೇಕು. ಬಹಳ ಹಿಂದೆ, ಅಮೆರಿಕದಿಂದ ಮರಳಿದ ಒಬ್ಬರಿಂದ ಹಳೆಯ ವಾಲ್ವು ಪೆಟ್ಟಿಗೆಯೊಂದನ್ನು ಅಗ್ಗವಾಗಿ ಕೊಂಡೆವು. ಅಲ್ಲಿಯ ಮನೆಗಳಲ್ಲಿ 120 ವೋಲ್ಟು, ಇಲ್ಲಿ 230. ಹಿಂದಿನ ಫಲಕವನ್ನು ಓದದೆ ಗೋಡೆಗೆ ಚುಚ್ಚಿದೆವು. ಫ್ಯೂಸು ಹೋಯಿತು. ಅಲ್ಲಿಗೆ ನಿಲ್ಲಿಸಬಹುದಾಗಿತ್ತು, ಮನೆಯ ಫ್ಯೂಸಿಗೆ ಮಾಡುವ ಹಾಗೆ ದಪ್ಪ ತಂತಿ ಸುತ್ತಿ ಮತ್ತೆ ಹಾಕಿದೆವು. ಹೊಗೆ ಬಂದಾಗ ಕೋಣೆಯಲ್ಲಿ ಸುಟ್ಟ ಅರಗಿನ ವಾಸನೆ. ಅದು ಪರದೆಗಳಿಂದ ಹೋಗಲು ವಾರ ಹಿಡಿಯಿತು, ಪೆಟ್ಟಿಗೆ ಮಾತ್ರ ಮತ್ತೆ ಉಸಿರಾಡಲಿಲ್ಲ. ಆ ಕಾಲದ ಎರಡು ತಿಂಗಳ ಸಂಬಳ. ಆದ್ದರಿಂದ ಹೊರದೇಶದ ಪೆಟ್ಟಿಗೆಯಾದರೆ ಮೊದಲು ವೋಲ್ಟನ್ನು ಓದಿ. ವೋಲ್ಟು ಇಳಿಸುವ ಟ್ರಾನ್ಸ್‌ಫಾರ್ಮರು ಬೇಕಾದರೆ ಸಾಮರ್ಥ್ಯದಲ್ಲಿ ಜಿಪುಣತನ ಬೇಡ. ನೂರು ವಾಟಿನ ನಾದ ಕೊಡುವ ಪೆಟ್ಟಿಗೆ ಗೋಡೆಯಿಂದ ಅದರ ಮೂರು ನಾಲ್ಕು ಪಟ್ಟು ಎಳೆಯುತ್ತದೆ. ಅರ್ತ್ ಪಿನ್ನನ್ನು ಕಿತ್ತು ಗುಂಯ್‌ಗುಡುವುದನ್ನು ನಿಲ್ಲಿಸಿದೆ ಎಂದು ಹೆಮ್ಮೆ ಪಡುವವರ ಹತ್ತಿರ ಹೋಗಬೇಡಿ. ಒಳಗೆ ನಾನೂರು ಐನೂರು ವೋಲ್ಟು ಓಡುತ್ತದೆ. ಸ್ವಿಚ್ಚು ಆರಿಸಿದ ಮೇಲೂ ಕೆಪಾಸಿಟರುಗಳು ಅದನ್ನು ಹಿಡಿದಿಟ್ಟಿರುತ್ತವೆ. ಮುಚ್ಚಳ ತೆರೆಯುವುದು ಬಲ್ಲವನ ಕೆಲಸ.

ಆ ಬಲ್ಲವನು ಊರಿನಲ್ಲಿ ಇದ್ದಾನೆಯೇ ಎಂಬುದನ್ನು ಕೊಳ್ಳುವ ಮುಂಚೆ ವಿಚಾರಿಸಬೇಕು. ದೊಡ್ಡ ವಾಲ್ವುಗಳು ಸವೆಯುತ್ತವೆ. ಹೊಸದು ಹಾಕಿದಾಗ ಅನೇಕ ಪೆಟ್ಟಿಗೆಗಳಲ್ಲಿ ಬಯಾಸ್ ಎಂಬ ಹದವನ್ನು ಮತ್ತೆ ಕೂಡಿಸಬೇಕು. ಈಗ ವಾಲ್ವುಗಳು ಬರುವುದು ಮುಖ್ಯವಾಗಿ ಸ್ಲೊವಾಕಿಯಾ, ರಷ್ಯಾ, ಚೀನಾಗಳ ಕೆಲವೇ ಕಾರ್ಖಾನೆಗಳಿಂದ. 2022ರಲ್ಲಿ ರಷ್ಯದ ರಫ್ತಿಗೆ ತಡೆ ಬಿದ್ದಾಗ ಲೋಕದ ಗಿಟಾರು ವಾದಕರೆಲ್ಲ ಗಾಬರಿಯಾದರು. ನಾಲ್ಕು ದೊಡ್ಡ ವಾಲ್ವುಗಳ ಪೆಟ್ಟಿಗೆಯನ್ನು ಸಾಕುವುದಕ್ಕೂ ಎರಡರದನ್ನು ಸಾಕುವುದಕ್ಕೂ ಖರ್ಚಿನಲ್ಲಿ ಎಷ್ಟು ಅಂತರವೆಂದು ಹೇಳಬೇಕಾಗಿಲ್ಲ.

ಒಂದು ಮಾತು ಕಿವಿಯ ಬಗ್ಗೆ. ನೂರು ಡೆಸಿಬೆಲ್ ಶಬ್ದದಲ್ಲಿ ದಿನಕ್ಕೆ ಹದಿನೈದು ನಿಮಿಷಕ್ಕಿಂತ ಹೆಚ್ಚು ಇರಬಾರದೆಂದು ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಶಿಫಾರಸು. ತಂಡದ ಅಭ್ಯಾಸದ ಕೋಣೆ ಅದನ್ನು ಸುಲಭವಾಗಿ ಮುಟ್ಟುತ್ತದೆ. ಕಿವಿಯ ಬಿರಡೆಗಳು ಔಷಧದ ಅಂಗಡಿಯಲ್ಲಿ ಸಿಗುತ್ತವೆ.

ನಮ್ಮ ಹುಡುಗ ಮೂರು ವಾರ ಮುನಿಸಿಕೊಂಡಿದ್ದ. ಆಮೇಲೆ ಒಂದು ದಿನ, ಬಾಡಿಗೆ ಸ್ಟೂಡಿಯೊದಲ್ಲಿ ನೂರು ವಾಟಿನದನ್ನೂ ಇಪ್ಪತ್ತರದನ್ನೂ ಒಂದೇ ಸ್ಪೀಕರು ಪೆಟ್ಟಿಗೆಗೆ ಜೋಡಿಸಿ, ಅವನನ್ನು ಗೋಡೆಯ ಕಡೆ ತಿರುಗಿಸಿ ಕೂರಿಸಿ, ಅವನ ಗೆಳೆಯನ ಕೈಯಲ್ಲಿ ನುಡಿಸಿದೆವು. ಐದು ಸಲದಲ್ಲಿ ಮೂರು ಸಲ ತಪ್ಪು ಹೇಳಿದ. ಅವನು ಕೊಂಡದ್ದು ಇಪ್ಪತ್ತು ವಾಟಿನದು, ಎರಡು ಸ್ಪೀಕರಿನ ಮುಚ್ಚಿದ ಪೆಟ್ಟಿಗೆ, ಒಂದು ಲೋಡ್ ಬಾಕ್ಸ್. ಉಳಿದ ಹಣದಲ್ಲಿ ಹಳೆಯ ಸ್ಕೂಟರಿಗೆ ಹೊಸ ಟಯರು ಹಾಕಿಸಿದ.

ಆ ಪೆಟ್ಟಿಗೆಯನ್ನು ಈ ದಿನ ಕೆಳಗಿನ ಸಭಾಂಗಣಕ್ಕೆ ತಂದಿಟ್ಟಿದ್ದಾನೆ. ಪತ್ರಿಕೆ ಓದುವವರು ಇಲ್ಲಿಯೇ ಇರಬಹುದು, ಕಿಟಕಿಗಳನ್ನು ಮುಚ್ಚಿದ್ದೇವೆ. ಮಿಕ್ಕವರು ಬರಬೇಕು. ವಾಲ್ವುಗಳು ಕಾಯುವುದಕ್ಕೆ ಒಂದು ನಿಮಿಷ ಹಿಡಿಯುತ್ತದೆ.