ಹಬ್ಬ ಮುಗಿದ ಮರುದಿನ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)

ಬಿ.ಇ. ಮುಗಿಸಿ ಬೆಂಗಳೂರು ಸೇರಿದವನು ನಾನು. ಸಾಫ್ಟ್‌ವೇರ್ ಇಂಜಿನಿಯರ್ ಎಂದರೆ ದಿನಾ ಹೊಸದನ್ನು ಕಟ್ಟುವವನು ಎಂದು ಊರಿನಲ್ಲಿ ತಿಳಿದಿದ್ದಾರೆ. ನಿಜವಾಗಿ ನನ್ನ ಹೆಚ್ಚಿನ ಸಮಯ ಹಳೆಯದು ಕೆಡದಂತೆ ನೋಡಿಕೊಳ್ಳುವುದರಲ್ಲೇ ಕಳೆಯುತ್ತದೆ. ಸಾಫ್ಟ್‌ವೇರಿಗೆ ತುಕ್ಕು ಹಿಡಿಯುವುದಿಲ್ಲ, ಗೆದ್ದಲು ಹತ್ತುವುದಿಲ್ಲ. ಆದರೂ ಕೆಡುತ್ತದೆ. ಅದು ಇದ್ದಂತೆಯೇ ಇರುತ್ತದೆ. ಸುತ್ತಲಿನ ಫೋನು, ನಿಯಮ, ಜನರ ಅಗತ್ಯ ಬದಲಾಗುತ್ತವೆ. ಬಳಕೆಯಲ್ಲಿರುವ ಪ್ರೋಗ್ರಾಮನ್ನು ತಿದ್ದುತ್ತಲೇ ಇರದಿದ್ದರೆ ಅದರ ಉಪಯೋಗ ಕುಗ್ಗುತ್ತ ಹೋಗುತ್ತದೆ ಎಂದು ಮೀರ್ ಲೇಮನ್ ಎಂಬ ವಿಜ್ಞಾನಿ 1974ರಲ್ಲೇ ಹೇಳಿದರು.

ನಮ್ಮ ಸೀಮೆಯವರಿಗೆ ಇದು ಹೊಸದಲ್ಲ. ಪ್ರತಿ ಮಳೆಯೂ ಕೆರೆಗೆ ನೀರಿನ ಜೊತೆ ಹೂಳನ್ನೂ ತರುತ್ತದೆ. ಕೆರೆಯನ್ನು ಯಾರೂ ಕೆಡಿಸಬೇಕಾಗಿಲ್ಲ, ಸುಮ್ಮನಿದ್ದರೆ ಸಾಕು. ಅದಕ್ಕೇ ಹಿಂದಿನವರು ಕೆರೆ ಕಟ್ಟಿಸಿ, ಹೂಳು ಹೊರುವ ಬಂಡಿಗಳಿಗೂ ದತ್ತಿ ಬಿಡುತ್ತಿದ್ದರು, ಶಾಸನಗಳಲ್ಲಿ ಇದಿದೆ. 1907ರಲ್ಲಿ ಮುಗಿದ ನಮ್ಮ ಮಾರಿಕಣಿವೆ 1933ರಲ್ಲಿ ಕೋಡಿ ಬಿತ್ತು. ಮತ್ತೆ ಬಿದ್ದದ್ದು 89 ವರ್ಷದ ನಂತರ, 2022ರಲ್ಲಿ. ಇನ್ನು ತುಂಬುವುದಿಲ್ಲವೆಂದು ನಡುವೆ ಕಟ್ಟೆಯನ್ನು ಮರೆತಿದ್ದರೆ, ನೀರು ಬಂದ ದಿನ ಏನಾಗುತ್ತಿತ್ತು?

ಮರೆತವನು ನಾನು. ಮಳೆ ಬಿದ್ದ ಮರುದಿನ ಅಪ್ಪ ಗುದ್ದಲಿ ಹಿಡಿದು ಹೊಲದ ಬದು ಸುತ್ತಿ ಬರುತ್ತಿದ್ದರು. ಅವರು ತೀರಿಕೊಂಡ ಮೇಲೆ ಮೂರು ವರ್ಷ ನಾನು ಹೊಲದ ಕಡೆ ಹೋಗಲಿಲ್ಲ. ಬದು ಎಲ್ಲಿಗೆ ಹೋಗುತ್ತೆ ಅಂದುಕೊಂಡೆ. ಒಂದು ಇಲಿಬಿಲದಿಂದ ನೀರು ನುಗ್ಗಿ ಬದು ಒಡೆಯಿತು. ಎರಡು ಗುದ್ದಲಿ ಮಣ್ಣಿನಲ್ಲಿ ಮುಗಿಯುವ ಕೆಲಸಕ್ಕೆ ಜೆಸಿಬಿ ತರಿಸಬೇಕಾಯಿತು. ಬದು ಮತ್ತೆ ಎದ್ದಿತು. ಹಳ್ಳ ಸೇರಿದ ಮೇಲ್ಮಣ್ಣು ಮಾತ್ರ ವಾಪಸು ಬರಲಿಲ್ಲ.

ಶಾಲೆಯೂ ಹೀಗೇ. ಎರಡು ದಿನ ಬಾರದ ಹುಡುಗಿಯ ಮನೆಗೆ ಮೂರನೇ ದಿನ ಸೈಕಲ್ ತುಳಿದುಕೊಂಡು ಹೋಗುತ್ತಿದ್ದ ಮೇಷ್ಟ್ರು ನಮಗಿದ್ದರು. ಅದು ಎರಡು ಗುದ್ದಲಿ ಮಣ್ಣು. ತಿಂಗಳು ಬಿಟ್ಟು ಹೋದರೆ ಆ ಹುಡುಗಿಯ ಮದುವೆಯೇ ಗೊತ್ತಾಗಿರಬಹುದು.

ಇವತ್ತು ಗೋಡೆಗೆ ಬಣ್ಣ ಬಳಿದಿದ್ದೇವೆ, ತೋರಣ ಕಟ್ಟಿದ್ದೇವೆ. ಸಂತೋಷ. ಆದರೆ ಐವತ್ತು ವರ್ಷ ಈ ಶಾಲೆಯನ್ನು ಉಳಿಸಿದ್ದು ಹಬ್ಬವಲ್ಲ, ಹಬ್ಬವಿಲ್ಲದ ದಿನಗಳ ಕೆಲಸ. ನನ್ನ ಪಾಲಿನದನ್ನು ಹೇಳುತ್ತೇನೆ: ಪ್ರತಿ ಜೂನ್‌ನಲ್ಲಿ ಎರಡು ದಿನ ರಜೆ ಹಾಕಿ ಬರುತ್ತೇನೆ. ಒಂದು ದಿನ ಶಾಲೆಯ ಕಂಪ್ಯೂಟರ್ ನೋಡಿಕೊಳ್ಳಲು, ಇನ್ನೊಂದು ದಿನ ಗುರುಗಳ ಜೊತೆ ಶಾಲೆ ಬಿಟ್ಟ ಮಕ್ಕಳ ಮನೆಗೆ ಹೋಗಲು. ನೀವೂ ಒಂದೊಂದು ತಿಂಗಳು ಹಂಚಿಕೊಳ್ಳಿ.

ನಾನು ಬರದಿದ್ದರೆ ಫೋನ್ ಮಾಡಿ ಬೈಯಿರಿ. ಅದೂ ಬದು ಕಾಯುವ ಕೆಲಸವೇ.