ನಾವಿಕರಿಗೆ ದಾರಿ ಬರೆದ ಗೃಹಸ್ಥ

ಒಳನಾಡಿನ ನಗರಗಳಲ್ಲಿ ವಾಸಿಸುವ ನಮ್ಮಲ್ಲಿ ಅನೇಕರಿಗೆ ಸಮುದ್ರವೆಂಬುದು ಬಿಡುವಿನ ದಿನಗಳಲ್ಲಿ ಹೋಗಿ ನೋಡಿಬರುವ ಒಂದು ದೃಶ್ಯ. ಕಡಲನ್ನೇ ನಂಬಿ ಬಾಳುವವರ ಮನೆಗಳಲ್ಲಿ ಅದರ ಅರ್ಥವೇ ಬೇರೆ. ಹೊರಟವನು ಹಿಂದಿರುಗುವನೋ ಇಲ್ಲವೋ ಎಂಬ ಚಿಂತೆಯೊಡನೆಯೇ ಅಲ್ಲಿ ಬೆಳಗಾಗುತ್ತದೆ, ಬೈಗಾಗುತ್ತದೆ. ಅಂತಹ ಊರೊಂದರಲ್ಲಿ ಹುಟ್ಟಿ, ಕಡಲನ್ನೂ ಮನೆಯನ್ನೂ ಸಮನಾಗಿ ಪ್ರೀತಿಸಿ, ಅಸಂಖ್ಯ ನಾವಿಕರಿಗೆ ಮನೆಯ ದಾರಿಯನ್ನು ತೋರಿದ ಪರಿಶ್ರಮಶಾಲಿಯೊಬ್ಬನ ಚರಿತ್ರೆಯನ್ನು ಈ ಹೊತ್ತು ಶ್ರೋತೃಗಳ ಮುಂದಿಡಬಯಸುತ್ತೇವೆ. ಆತನೇ ಅಮೆರಿಕದ ನಥಾನಿಯಲ್ ಬೌಡಿಚ್.

ಬೌಡಿಚ್ ಹುಟ್ಟಿದುದು 1773ರಲ್ಲಿ, ಮ್ಯಾಸಚೂಸೆಟ್ಸ್ ಪ್ರಾಂತದ ಸೇಲಂ ಎಂಬ ಬಂದರಿನಲ್ಲಿ. ತಂದೆಯು ಮೊದಲು ಹಡಗಿನ ಕಪ್ತಾನನಾಗಿದ್ದು, ಬಳಿಕ ಮರದ ಪೀಪಾಯಿಗಳನ್ನು ಮಾಡಿ ಜೀವಿಸುತ್ತಿದ್ದನು. ಬಡತನದ ದೆಸೆಯಿಂದ ಬಾಲಕನ ಶಾಲೆಯ ಓದು ಹತ್ತನೆಯ ವಯಸ್ಸಿಗೇ ಮುಗಿಯಿತು. ಹನ್ನೆರಡನೆಯ ವಯಸ್ಸಿನಲ್ಲಿ ಹಡಗಿನ ಸಾಮಗ್ರಿಗಳನ್ನು ಮಾರುವ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದನು. ಹಗಲು ಅಂಗಡಿ, ರಾತ್ರಿ ಓದು. ಬೀಜಗಣಿತವನ್ನು ತಾನಾಗಿಯೇ ಕಲಿತನು. ನ್ಯೂಟನ್ ಮಹಾಶಯನ ಗ್ರಂಥವನ್ನು ಮೂಲದಲ್ಲಿಯೇ ಓದಬೇಕೆಂದು ಲ್ಯಾಟಿನ್ ಭಾಷೆಯನ್ನು ಅಭ್ಯಸಿಸಿದನು.

1795ರಿಂದ 1803ರ ವರೆಗೆ ಆತನು ಐದು ಬಾರಿ ಸಮುದ್ರಯಾನ ಮಾಡಿದನು. ಬೂರ್ಬನ್ ದ್ವೀಪ, ಮನಿಲಾ, ಬಟೇವಿಯ, ಮೆಣಸಿಗೆ ಪ್ರಸಿದ್ಧವಾದ ಸುಮಾತ್ರಾ, ಇವೆಲ್ಲವನ್ನೂ ಕಂಡನು. ನಡುಗಡಲಿನಲ್ಲಿ ಹಡಗು ಎಲ್ಲಿದೆಯೆಂಬುದನ್ನು ತಿಳಿಯುವುದು ಆ ಕಾಲದಲ್ಲಿ ಸುಲಭವಾಗಿರಲಿಲ್ಲ. ಮಧ್ಯಾಹ್ನದ ಸೂರ್ಯನ ಎತ್ತರವನ್ನು ಅಳೆದು ಅಕ್ಷಾಂಶವನ್ನು ಅರಿಯಬಹುದು. ರೇಖಾಂಶವನ್ನು ಅರಿಯಲು ನಿಷ್ಕೃಷ್ಟವಾದ ಗಡಿಯಾರ ಬೇಕು. ಅದರ ಬೆಲೆಯೋ ಬಹಳ. ಅದಿಲ್ಲದವರು ಚಂದ್ರನಿಗೂ ಒಂದು ನಕ್ಷತ್ರಕ್ಕೂ ಇರುವ ಅಂತರವನ್ನು ಅಳೆದು ದೀರ್ಘವಾದ ಗಣಿತವನ್ನು ಮಾಡಬೇಕಾಗಿದ್ದಿತು. ಚಂದ್ರನು ನಕ್ಷತ್ರಗಳ ನಡುವೆ ಗಂಟೆಗೆ ಸುಮಾರು ಅರ್ಧ ಡಿಗ್ರಿಯಷ್ಟೇ ಸರಿಯುವನಾದುದರಿಂದ, ಅಳತೆಯಲ್ಲಿ ಕೂದಲೆಳೆಯಷ್ಟು ತಪ್ಪಿದರೂ ಹಡಗಿನ ಸ್ಥಾನವು ಹತ್ತಾರು ಮೈಲಿ ತಪ್ಪುವುದು. ಬೌಡಿಚ್ ಈ ಗಣಿತವನ್ನು ಸುಲಭಗೊಳಿಸಿದನು. ಅಷ್ಟೇ ಅಲ್ಲ, ತನ್ನ ಹಡಗಿನ ಸಾಮಾನ್ಯ ನಾವಿಕರಿಗೂ ಅದನ್ನು ಕಲಿಸಿದನು. ವಿದ್ಯೆಯು ಕಪ್ತಾನನ ಕೋಣೆಯಲ್ಲಿಯೇ ಉಳಿಯಬಾರದೆಂಬುದು ಆತನ ಮತವಾಗಿದ್ದಿತು.

ಆಗ ನಾವಿಕರೆಲ್ಲರೂ ನಂಬಿದ್ದ ಪುಸ್ತಕವು ಇಂಗ್ಲೆಂಡಿನ ಜಾನ್ ಹ್ಯಾಮಿಲ್ಟನ್ ಮೂರ್ ಎಂಬುವನದು. ಬೌಡಿಚ್ ಅದರ ಅಂಕಿಗಳನ್ನು ಒಂದೊಂದಾಗಿ ಮತ್ತೆ ಲೆಕ್ಕಮಾಡಿ, ಸುಮಾರು 8000 ತಪ್ಪುಗಳನ್ನು ತಿದ್ದಿದನು. ಅವುಗಳಲ್ಲಿ ಒಂದನ್ನು ಮಾತ್ರ ಹೇಳುತ್ತೇವೆ. 1800ನೆಯ ಇಸವಿಯು ಅಧಿಕವರ್ಷವಲ್ಲ. ಆದರೆ ಸೂರ್ಯನ ಕ್ರಾಂತಿಯ ಕೋಷ್ಟಕದಲ್ಲಿ ಅದನ್ನು ಅಧಿಕವರ್ಷವೆಂದು ಎಣಿಸಿದ್ದರು. ಒಂದು ದಿನದ ವ್ಯತ್ಯಾಸ! ಹಗಲಿರುಳು ಸಮವಾಗಿರುವ ಮಾರ್ಚಿ ತಿಂಗಳಿನಲ್ಲಿ ಆ ಒಂದು ದಿನದಿಂದ ಹಡಗಿನ ಅಕ್ಷಾಂಶವು ಸುಮಾರು 24 ಸಮುದ್ರಮೈಲಿಗಳಷ್ಟು ತಪ್ಪಾಗುತ್ತದೆ. ಮುಂದೆ ತೆರೆದ ನೀರಿದೆಯೆಂದು ನಂಬಿ ನಡೆದ ಹಡಗಿಗೆ ಬಂಡೆಯೇ ಎದುರಾದೀತು. 1802ರಲ್ಲಿ ಬೌಡಿಚ್ ತನ್ನದೇ ಹೆಸರಿನಲ್ಲಿ ಹೊಸ ನೌಕಾಯಾನ ಗ್ರಂಥವನ್ನು ಹೊರತಂದನು.

ಈತನ ಶ್ರದ್ಧೆಯ ಹಿಂದೆ ಸ್ವಂತ ದುಃಖವೂ ಇದ್ದಿತು. 1798ರಲ್ಲಿ ಎಲಿಜಬೆತ್ ಎಂಬ ಕನ್ಯೆಯನ್ನು ಮದುವೆಯಾದನು. ಅದೇ ವರ್ಷ ಆತನು ದೂರದ ಕಡಲಿನಲ್ಲಿದ್ದಾಗ ಆಕೆಯು ತೀರಿಕೊಂಡಳು. ಕಾಯುವವರ ಸಂಕಟವನ್ನೂ ಹಿಂದಿರುಗಿ ಬಂದವನ ಸಂಕಟವನ್ನೂ ಆ ಮನೆಯು ಕಂಡಿತು. 1800ರಲ್ಲಿ ಬಂಧುವಾದ ಮೇರಿಯನ್ನು ವರಿಸಿದನು. ಅವರಿಗೆ ಎಂಟು ಮಂದಿ ಮಕ್ಕಳಾದರು. 1803ನೆಯ ಕ್ರಿಸ್ತಜಯಂತಿಯ ದಿನ, ಹಿಮದ ಬಿರುಗಾಳಿಯಲ್ಲಿ, ಕ್ಷಣಮಾತ್ರ ಕಂಡ ದೀಪಸ್ತಂಭದ ಬೆಳಕನ್ನೂ ತನ್ನ ಗಣಿತವನ್ನೂ ನಂಬಿ ಹಡಗನ್ನು ಸೇಲಂ ಬಂದರಿಗೆ ತಂದನು. ಅದೇ ಆತನ ಕೊನೆಯ ಯಾನ.

ಮುಂದೆ ಆತನು ವಿಮಾ ಸಂಸ್ಥೆಯ ಅಧ್ಯಕ್ಷನಾಗಿ ಸಂಸಾರವನ್ನು ಸಲಹಿದನು. ಹಾರ್ವರ್ಡ್ ವಿಶ್ವವಿದ್ಯಾನಿಲಯವು ಪ್ರಾಧ್ಯಾಪಕ ಪದವಿಯನ್ನು ನೀಡಬಂದಾಗ ಒಪ್ಪಲಿಲ್ಲ. ಉದ್ಯೋಗದಿಂದ ಉಳಿದ ವೇಳೆಯಲ್ಲಿ ಲಪ್ಲಾಸ್ ಪಂಡಿತನ ಖಗೋಳಗಣಿತದ ಮಹಾಗ್ರಂಥವನ್ನು ಫ್ರೆಂಚಿನಿಂದ ಇಂಗ್ಲಿಷಿಗೆ ತಂದು, ವಿಸ್ತಾರವಾದ ವ್ಯಾಖ್ಯಾನವನ್ನು ಬರೆದನು. ಅಚ್ಚಿನ ವೆಚ್ಚವನ್ನು ಇತರರಿಂದ ಬೇಡದೆ ತಾನೇ ಹೊತ್ತನು. ಅದಕ್ಕಾಗಿ ಮನೆಯವರೆಲ್ಲರೂ ಮಿತವ್ಯಯದಲ್ಲಿ ಬಾಳಿದರು. ಮೇರಿಯು 1834ರಲ್ಲಿ ಮೃತಳಾದಳು. ಸಂಸಾರದ ಭಾರವನ್ನೆಲ್ಲ ಆಕೆಯು ಹೊರದಿದ್ದರೆ, ಆಕೆಯ ಒಪ್ಪಿಗೆಯಿಲ್ಲದಿದ್ದರೆ, ಈ ಕಾರ್ಯವನ್ನು ಕೈಗೊಳ್ಳುತ್ತಲೇ ಇರಲಿಲ್ಲವೆಂದು ಸ್ಪಷ್ಟವಾಗಿ ತಿಳಿಸಿ, ಗ್ರಂಥವನ್ನು ಆಕೆಯ ಸ್ಮರಣೆಗೆ ಅರ್ಪಿಸಿದನು. ಪಂಡಿತರ ಪತ್ನಿಯರಿಗೆ ಇಂತಹ ನ್ಯಾಯವು ದೊರೆಯುವುದು ಅಪೂರ್ವವೆಂದೇ ಹೇಳಬೇಕು.

ಬೌಡಿಚ್ 1838ರಲ್ಲಿ ಬಾಸ್ಟನ್ನಿನಲ್ಲಿ ದೈವಾಧೀನನಾದನು. ಆತನ ನೌಕಾಯಾನ ಗ್ರಂಥವನ್ನು ಅಮೆರಿಕದ ಸರಕಾರವು ಕೊಂಡುಕೊಂಡು, ಕಾಲಕಾಲಕ್ಕೆ ಪರಿಷ್ಕರಿಸಿ, ಇಂದಿಗೂ ಆತನ ಹೆಸರಿನೊಡನೆಯೇ ಪ್ರಕಟಿಸುತ್ತಿದೆ. ಕೃತಕೋಪಗ್ರಹಗಳು ಹಡಗಿನ ಸ್ಥಾನವನ್ನು ಕ್ಷಣದಲ್ಲಿ ತಿಳಿಸುವ ಈ ಕಾಲದಲ್ಲಿಯೂ ಆ ಪುಸ್ತಕವು ಹಡಗುಗಳಲ್ಲಿ ಸಂಚರಿಸುತ್ತದೆ.

ಸಮುದ್ರವನ್ನು ಪ್ರೀತಿಸುವವರೆಂದರೆ ಅಲೆಗಳ ಸೊಬಗನ್ನು ಹಾಡುವವರೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಬೌಡಿಚ್ಚನ ಪ್ರೀತಿಯು ಅಂಕಿಗಳ ಸಾಲುಗಳಲ್ಲಿ ಅಡಗಿದ್ದಿತು. ಕೋಷ್ಟಕದ ಒಂದೊಂದು ತಪ್ಪಿನ ಹಿಂದೆಯೂ ಯಾರದೋ ಮನೆಯೊಂದು ಕಾಯುತ್ತಿರುವುದೆಂಬುದನ್ನು ಆತನು ಬಲ್ಲವನಾಗಿದ್ದನು. ಆದುದರಿಂದಲೇ ಆ ತಪ್ಪುಗಳಲ್ಲಿ ಯಾವುದೂ ಆತನಿಗೆ ಅಲ್ಪವಾಗಿ ತೋರಲಿಲ್ಲ.